ಆಮೆ ಮರಿ ಮಂಕಾಗಿದೆ: ಶಾಖದ ಬಲ್ಬ್, ಯುವಿಬಿ ಟ್ಯೂಬ್ ಹೇಗೆ ಹಾಕಬೇಕು? ದಯವಿಟ್ಟು ಹೇಳಿ

ಶೆಫೀಲ್ಡ್‌ಅಮ್ಮ · ನವೆಂಬರ್ 14

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಮಗ ಒಂದು ವರ್ಷದಿಂದ ಕೇಳುತ್ತಿದ್ದ ಅಂತ ಜುಲೈನಲ್ಲಿ ಒಂದು ಹರ್ಮನ್ ಆಮೆ ಮರಿ ತಂದೆವು. ಈಗ ಅದಕ್ಕೆ ಒಂದೂವರೆ ವರ್ಷ. ಅಂಗೈ ಮೇಲೆ ಕೂರುತ್ತದೆ. ಹೆಸರು ಗುಂಡಣ್ಣ. ಆರ್ಟಿಕಲ್ 10 ಪ್ರಮಾಣಪತ್ರ (ಇಂಥ ಸಂರಕ್ಷಿತ ಆಮೆ ಮಾರಲು ಇಲ್ಲಿ ಬೇಕಾದ ಕಾನೂನಿನ ಕಾಗದ) ಇದೆ, ಕಾಗದಪತ್ರ ಎಲ್ಲ ಸರಿಯಾಗಿದೆ.

ಬೇಸಿಗೆಯಲ್ಲಿ ಚೆನ್ನಾಗಿಯೇ ಇದ್ದ. ದಿನಾ ಹಿತ್ತಲಿನ ಹುಲ್ಲಿನ ಮೇಲೆ ಬಿಡುತ್ತಿದ್ದೆವು. ದಂಡೇಲಿಯನ್ ಎಲೆ ಕಂಡರೆ ಸರಸರ ಬರುತ್ತಿದ್ದ. ಅಕ್ಟೋಬರ್‌ನಲ್ಲಿ ಚಳಿ ಶುರುವಾದ ಮೇಲೆ ಒಳಗೆ ತಂದೆವು. ಅಲ್ಲಿಂದ ದಿನದಿನಕ್ಕೆ ಮಂಕಾಗುತ್ತಿದ್ದಾನೆ. ಮೂಲೆ ಸೇರಿ ಕೂರುತ್ತಾನೆ. ಕಣ್ಣು ಅರ್ಧ ಮುಚ್ಚಿಯೇ ಇರುತ್ತದೆ. ಎರಡು ತುತ್ತು ತಿಂದು ಬಿಟ್ಟುಬಿಡುತ್ತಾನೆ. ನಿನ್ನೆ ಉಗುರುಬೆಚ್ಚಗಿನ ನೀರಲ್ಲಿ ಕೂರಿಸುವಾಗ ಚಿಪ್ಪಿನ ಅಂಚು ನನ್ನ ಹೆಬ್ಬೆರಳಿಗೆ ಸ್ವಲ್ಪ ಬಗ್ಗಿದ ಹಾಗಾಯಿತು. ಎದೆ ಧಸಕ್ಕಂತು.

ನಮ್ಮ ಹತ್ತಿರ ಇರುವುದು ಇಷ್ಟು. ಗಾಜಿನ ತೊಟ್ಟಿ, ಮೂರಡಿ ಉದ್ದ. ಬಿಸಿಲು ಬೀಳಲಿ ಅಂತ ದಕ್ಷಿಣದ ಕಿಟಕಿ ಪಕ್ಕ ಇಟ್ಟಿದ್ದೇವೆ. ತೊಟ್ಟಿಯ ಅಡಿಗೆ ಹೀಟ್ ಮ್ಯಾಟ್. ಪಕ್ಕದಲ್ಲಿ ಸುರುಳಿ ಥರದ ಯುವಿಬಿ ಬಲ್ಬ್ (ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವುದು), ಡಬ್ಬದ ಮೇಲೆ ಮರುಭೂಮಿ ಪ್ರಾಣಿಗಳಿಗೆ ಅಂತ ಬರೆದಿದೆ. ರಾತ್ರಿಗೆ ಕೆಂಪು ಬಲ್ಬ್. ಇದೆಲ್ಲ ಅಂಗಡಿಯವರೇ ಒಟ್ಟಿಗೆ ಸೆಟ್ ಮಾಡಿ ಕೊಟ್ಟದ್ದು, ಇದಿಷ್ಟು ಸಾಕು ಅಂದಿದ್ದರು.

ಇಲ್ಲಿನ ಗುಂಪುಗಳಲ್ಲಿ ಓದಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ತಲೆ ಕೆಟ್ಟುಹೋಯಿತು. ನಮ್ಮ ಭಾಷೆಯಲ್ಲಿ ಯಾರಾದರೂ ಬಿಡಿಸಿ ಹೇಳಿದರೆ ಅರ್ಥವಾದೀತು ಅಂತ ಕೇಳುತ್ತಿದ್ದೇನೆ. ಮಗ ದಿನಾ ಶಾಲೆಯಿಂದ ಬಂದವನೇ ಬ್ಯಾಗ್ ಇಳಿಸದೆ ಅದರ ಮುಂದೆ ಕೂರುತ್ತಾನೆ.

ಹಳೇ_ಆಮೆಗಾರ · ನವೆಂಬರ್ 14

ಅಮ್ಮ, ಮೊದಲನೆಯ ಕೆಲಸ: ಸರೀಸೃಪ ನೋಡುವ ಪಶುವೈದ್ಯರಿಗೆ ನಾಳೆಯೇ ಫೋನ್ ಮಾಡಿ. ನಾಯಿ, ಬೆಕ್ಕು ಮಾತ್ರ ನೋಡುವವರು ಬೇಡ. ಚಿಪ್ಪು ಬಗ್ಗುತ್ತಿದೆ ಅಂದರೆ ಬಲ್ಬ್ ಬದಲಿಸಿ ಕಾಯುತ್ತಾ ಕೂರುವ ವಿಷಯ ಅಲ್ಲ.

ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. 14 ವರ್ಷದಿಂದ ಎರಡು ಹರ್ಮನ್, ಒಂದು ಹಾರ್ಸ್‌ಫೀಲ್ಡ್ ಸಾಕಿದ್ದೇನೆ. ನೀವು ಬರೆದದ್ದನ್ನು ಓದಿದರೆ ನನಗೆ ಕಾಣುವುದು ಹೀಗೆ.

ಕಿಟಕಿಯಿಂದ ಬರುವುದು ಬೆಳಕು ಮಾತ್ರ. ಗಾಜು ಯುವಿಬಿಯನ್ನು ತಡೆಯುತ್ತದೆ. ಕಿಟಕಿಯ ಗಾಜು ಒಂದು, ತೊಟ್ಟಿಯ ಗಾಜು ಇನ್ನೊಂದು. ಅದೂ ಅಲ್ಲದೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಈ ದೇಶದ ಬಿಸಿಲಲ್ಲಿ ಹೊರಗೆ ನಿಂತರೂ ವಿಟಮಿನ್ ಡಿ ಹುಟ್ಟುವಷ್ಟು ಯುವಿಬಿ ಇರುವುದಿಲ್ಲ. ನಮಗೇ ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಿ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತದಲ್ವಾ? ಅದೇ ಕಾರಣ.

ಹೀಟ್ ಮ್ಯಾಟ್ ಇವತ್ತೇ ತೆಗೆಯಿರಿ. ಆಮೆಗೆ ಶಾಖ ಬರಬೇಕಾದದ್ದು ಬೆನ್ನ ಮೇಲಿಂದ. ನೆಲ ಅಂದರೆ ಅದಕ್ಕೆ ತಂಪು. ಬಿಸಿ ಜಾಸ್ತಿಯಾದರೆ ಮಣ್ಣು ತೋಡಿ ಕೆಳಗೆ ಇಳಿಯುವುದು ಅದರ ಹುಟ್ಟುಗುಣ. ನೆಲವೇ ಬಿಸಿಯಾಗಿದ್ದರೆ ಅದು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಹೊಟ್ಟೆಯ ಕಡೆ ಸುಟ್ಟುಕೊಂಡ ಮರಿಗಳನ್ನು ನೋಡಿದ್ದೇನೆ.

ಕೆಂಪು ಬಲ್ಬೂ ತೆಗೆಯಿರಿ. ಆಮೆಗೆ ಬಣ್ಣ ಚೆನ್ನಾಗಿ ಕಾಣುತ್ತದೆ. ಕೆಂಪು ಬೆಳಕಲ್ಲಿ ಅದಕ್ಕೆ ರಾತ್ರಿ ಅಂತ ಅನ್ನಿಸುವುದಿಲ್ಲ. ರಾತ್ರಿ ಕತ್ತಲೆ ಬೇಕು.

ಈಗ ಮೂರು ಪ್ರಶ್ನೆ. ಗುಂಡಣ್ಣ ಕೂರುವ ಜಾಗದಲ್ಲಿ, ಅವನ ಬೆನ್ನಿನ ಎತ್ತರದಲ್ಲಿ, ಎಷ್ಟು ಡಿಗ್ರಿ ಇದೆ? ಸುರುಳಿ ಬಲ್ಬ್ ಅವನಿಂದ ಎಷ್ಟು ದೂರ ಇದೆ, ಮೇಲಿಂದ ಬೀಳುತ್ತದಾ ಪಕ್ಕದಿಂದಲಾ? ಯಾವಾಗ ಕೊಂಡದ್ದು?

ಶೆಫೀಲ್ಡ್‌ಅಮ್ಮ · ನವೆಂಬರ್ 14

ತುಂಬಾ ಥ್ಯಾಂಕ್ಸ್ ಅಣ್ಣ. ಮ್ಯಾಟ್ ಕಿತ್ತು ಹಾಕಿದೆ. ಗುರುವಾರಕ್ಕೆ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ತೊಟ್ಟಿಯ ಗೋಡೆಗೆ ಅಂಟಿಸಿದ ಥರ್ಮಾಮೀಟರ್ 27 ತೋರಿಸುತ್ತಿದೆ. ಬೆನ್ನಿನ ಎತ್ತರದಲ್ಲಿ ಅಳೆದೇ ಇಲ್ಲ. ಬಲ್ಬ್ ಪಕ್ಕದಿಂದ ಬೀಳುತ್ತದೆ. ಟೇಪ್ ಹಿಡಿದು ನೋಡಿದೆ, ಅವನು ಕೂರುವ ಮೂಲೆಗೆ 42 ಸೆಂಟಿಮೀಟರ್. ಊಟದ ತಟ್ಟೆ ಇರುವ ಕಡೆ ಬರೀ 12.

ಧಾರವಾಡದ_ಪಶುವೈದ್ಯೆ · ನವೆಂಬರ್ 15

ನಾನು ಈಗ ಮ್ಯಾಂಚೆಸ್ಟರ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಕೂತು ರೋಗ ಪತ್ತೆ ಮಾಡುವುದು ಸರಿಯಲ್ಲ, ಅದನ್ನು ಗುರುವಾರ ನೋಡುವ ವೈದ್ಯರಿಗೇ ಬಿಡಿ. ಎಕ್ಸ್‌ರೇ ಬೇಕು ಅಂದರೆ ಹಿಂಜರಿಯಬೇಡಿ. ಆದರೆ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಲೈಟು ಹಾಕುವಾಗ ತಪ್ಪಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಮೆಯ ಚರ್ಮದಲ್ಲಿ ಕೊಲೆಸ್ಟ್ರಾಲ್ ಜಾತಿಯ ಒಂದು ವಸ್ತು ಇರುತ್ತದೆ. 290ರಿಂದ 315 ನ್ಯಾನೋಮೀಟರ್ ಆಸುಪಾಸಿನ ಕಿರಣ, ಅಂದರೆ ಯುವಿಬಿ, ಅದರ ಮೇಲೆ ಬಿದ್ದಾಗ ಅದು ಪ್ರೀವಿಟಮಿನ್ ಆಗುತ್ತದೆ. ಇಲ್ಲಿಗೆ ಅರ್ಧ ಕೆಲಸ. ಆ ಪ್ರೀವಿಟಮಿನ್ ವಿಟಮಿನ್ ಡಿ3 ಆಗಬೇಕಾದರೆ ಮೈ ಬೆಚ್ಚಗಿರಬೇಕು. ನಮ್ಮ ಮೈ ಯಾವಾಗಲೂ 37 ಡಿಗ್ರಿ, ಹಾಗಾಗಿ ನಾವು ಅದರ ಬಗ್ಗೆ ಯೋಚಿಸುವುದಿಲ್ಲ. ಆಮೆಯದು ಹೊರಗಿನ ಶಾಖ ನಂಬಿದ ಮೈ. ತಣ್ಣಗಿರುವ ಆಮೆಯ ಮೇಲೆ ಎಷ್ಟು ಯುವಿಬಿ ಸುರಿದರೂ ಕೆಲಸ ನಿಧಾನ. ಆಮೇಲೆ ಆ ಡಿ3 ಯಕೃತ್ತು, ಮೂತ್ರಪಿಂಡಗಳಲ್ಲಿ ಬದಲಾಗಿ ಕರುಳಿಗೆ ಕ್ಯಾಲ್ಸಿಯಂ ಹೀರಿಕೊಳ್ಳಲು ಹೇಳುತ್ತದೆ. ಇದು ನಿಂತರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಕೊಡುತ್ತದೆ. ಆಮೆಗೆ ಚಿಪ್ಪೂ ಮೂಳೆಯೇ. ಮೊದಲು ಮೆತ್ತಗಾಗುತ್ತದೆ. ಹಾಗೇ ಬಿಟ್ಟರೆ ಕಾಲು ಎಳೆಯುವುದು, ನಡುಕ, ಚಿಪ್ಪು ಸೊಟ್ಟಗಾಗುವುದು.

ಅದಕ್ಕೇ ಶಾಖದ ದೀಪ ಒಂದು ಮೂಲೆ, ಯುವಿಬಿ ಇನ್ನೊಂದು ಮೂಲೆ ಇಡಬೇಡಿ. ಬಿಸಿಲಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ನಿಮ್ಮ ಪೆಟ್ಟಿಗೆಯಲ್ಲೂ ಎರಡೂ ಒಂದೇ ಜಾಗದ ಮೇಲೆ ಬೀಳಬೇಕು. ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು.

ಕಣ್ಣಿನ ವಿಷಯ. ಆಮೆಗೆ ಹುಬ್ಬಿನ ಹಾಗೆ ಮೇಲೆ ಒಂದು ಮರೆ ಇದೆ. ಮೇಲಿಂದ ಬರುವ ಬಿಸಿಲನ್ನು ಅದು ತಡೆಯುತ್ತದೆ. ಪಕ್ಕದಿಂದ, ಅದೂ 12 ಸೆಂಟಿಮೀಟರ್‌ನಿಂದ ಯುವಿ ಬಂದರೆ ನೇರ ಕಣ್ಣಿಗೇ ಹೊಡೆಯುತ್ತದೆ. ಊಟ ಬಿಡುವುದಕ್ಕೆ ಇದೂ ಕಾರಣ ಇರಬಹುದು. ಆ ಬಲ್ಬ್ ಇವತ್ತು ಆರಿಸಿ. ಗುರುವಾರದವರೆಗೆ ಬೆಚ್ಚಗಿಡುವುದೇ ಮುಖ್ಯ.

ಇನ್ನೊಂದು, ಪಾಲಕ್ ಕೊಡುತ್ತಿದ್ದರೆ ನಿಲ್ಲಿಸಿ. ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದುಕೊಂಡುಬಿಡುತ್ತದೆ.

ಜರ್ಸಿಸಿಟಿ_ಕನ್ನಡಿಗ · ನವೆಂಬರ್ 15

ನಾನು ಇಲ್ಲಿ ಅಮೆರಿಕದ ನ್ಯೂಜರ್ಸಿಯಲ್ಲಿ ರಷ್ಯನ್ ಆಮೆ ಸಾಕಿದ್ದೇನೆ (ನೀವು ಹಾರ್ಸ್‌ಫೀಲ್ಡ್ ಅನ್ನುವುದು ಇದನ್ನೇ). ಇಷ್ಟೆಲ್ಲ ಯಾಕೆ? ಮರ್ಕ್ಯುರಿ ವೇಪರ್ ಬಲ್ಬ್ ಒಂದು ಹಾಕಿದರೆ ಶಾಖ, ಬೆಳಕು, ಯುವಿಬಿ ಮೂರೂ ಬರುತ್ತದೆ. ಡಾಕ್ಟರ್ ಹೇಳಿದ ಹಾಗೆ ಎರಡೂ ಒಂದೇ ಜಾಗಕ್ಕೇ ಬೀಳುತ್ತದೆ. ನಾಲ್ಕು ವರ್ಷದಿಂದ ನನಗೆ ತೊಂದರೆ ಆಗಿಲ್ಲ.

ಹಳೇ_ಆಮೆಗಾರ · ನವೆಂಬರ್ 15

ದೊಡ್ಡ ಆಮೆಗೆ, ದೊಡ್ಡ ಜಾಗದಲ್ಲಿ ಅದು ನಡೆಯುತ್ತದೆ. ನಾನೂ ಆರು ವರ್ಷ ಅದನ್ನೇ ಬಳಸಿದೆ. ಮರಿಗೆ ಬೇಡ ಅನ್ನುವುದಕ್ಕೆ ಕಾರಣ ಇದೆ.

ಆ ಬಲ್ಬನ್ನು ಡಿಮ್ ಮಾಡಲಾಗದು, ಥರ್ಮೋಸ್ಟಾಟ್‌ಗೆ ಹಾಕಲಾಗದು. ಕೋಣೆ ಬಿಸಿಯಾದ ದಿನ ಶಾಖ ಕಮ್ಮಿ ಮಾಡಬೇಕಾದರೆ ಎತ್ತರಕ್ಕೆ ಎತ್ತಬೇಕು. ಎತ್ತಿದರೆ ಯುವಿಬಿಯೂ ಕಮ್ಮಿ. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಜೊತೆಗೆ ಒಂದೇ ಕಡೆ ಜೋರಾಗಿ ಬೀಳುವ ಒಣ ಶಾಖ ಮರಿಯ ಬೆನ್ನನ್ನು ಒಣಗಿಸುತ್ತದೆ. ಚಿಪ್ಪು ಬೆಳೆಯುವ ವಯಸ್ಸಿನಲ್ಲಿ ಹೀಗೆ ಒಣಗಿದರೆ ಒಂದೊಂದು ಫಲಕವೂ ಗುಡ್ಡದ ಹಾಗೆ ಎದ್ದು ನಿಲ್ಲುತ್ತದೆ. ಪಿರಮಿಡಿಂಗ್ ಅನ್ನುತ್ತಾರಲ್ಲ, ಅದು. ಒಮ್ಮೆ ಎದ್ದ ಗುಡ್ಡ ಮತ್ತೆ ಸಪಾಟಾಗುವುದಿಲ್ಲ. ನನ್ನ ದೊಡ್ಡ ಹೆಣ್ಣಾಮೆಯ ಬೆನ್ನ ಮೇಲೆ ಈಗಲೂ ಅದು ಕಾಣುತ್ತದೆ. ಆವಾಗ ಹೇಳುವವರು ಯಾರೂ ಇರಲಿಲ್ಲ.

ಎರಡು ಬೇರೆ ದೀಪ ಇಟ್ಟುಕೊಂಡರೆ ಎರಡನ್ನೂ ಬೇರೆಬೇರೆ ಹದ ಮಾಡಬಹುದು. ಯುವಿಬಿಗೆ ಉದ್ದನೆಯ ಟಿ5 ಟ್ಯೂಬ್ (ತೆಳು ಬಗೆಯ ಟ್ಯೂಬ್‌ಲೈಟ್), ಶಾಖಕ್ಕೆ ಹ್ಯಾಲೊಜೆನ್.

ಜರ್ಸಿಸಿಟಿ_ಕನ್ನಡಿಗ · ನವೆಂಬರ್ 15

ಒಣಗುವ ವಿಷಯ ನಾನು ಯೋಚಿಸಿರಲಿಲ್ಲ. ನನ್ನದು ಬರುವಾಗಲೇ ದೊಡ್ಡದಾಗಿತ್ತು.

ಆದರೆ ದೀಪದ ಬಗ್ಗೆ ಒಂದು ಮಾತು ನಾನು ಹೇಳಲೇಬೇಕು, ಯಾವ ಬಲ್ಬ್ ಹಾಕಿದರೂ ಇದು ಅನ್ವಯಿಸುತ್ತದೆ. ಕ್ಲಿಪ್ ಇರುವ ಹೋಲ್ಡರ್ ನಂಬಬೇಡಿ. ಎರಡನೇ ವರ್ಷ ನಮ್ಮ ಕ್ಲಿಪ್ ಜಾರಿ, ಉರಿಯುತ್ತಿದ್ದ ಬಲ್ಬ್ ತೆಂಗಿನ ನಾರಿನ ಮೇಲೆ ಬಿತ್ತು. ನಾನು ಆಫೀಸಿನಲ್ಲಿದ್ದೆ. ಹೆಂಡತಿ ಮನೆಯಲ್ಲಿದ್ದಳು, ಹೊಗೆಯ ಅಲಾರಂ ಕೂಗಿ ಓಡಿ ಬಂದಳು. ನಾರು ಕಪ್ಪಗೆ ಒಂದು ತಟ್ಟೆಯಗಲ ಸುಟ್ಟಿತ್ತು, ಆಮೆ ತನ್ನ ಗೂಡಿನಲ್ಲಿ ಇದ್ದುದರಿಂದ ಬದುಕಿತು. ಈಗ ಚಾವಣಿಗೆ ಕೊಕ್ಕೆ ಹೊಡೆದು ಸರಪಳಿಯಲ್ಲಿ ತೂಗುಹಾಕಿದ್ದೇನೆ. ಹೋಲ್ಡರ್ ಪಿಂಗಾಣಿಯದೇ ಇರಲಿ, ಪ್ಲಾಸ್ಟಿಕ್ ಆದರೆ ಕರಗುತ್ತದೆ. ಬಲ್ಬ್ ಸುತ್ತ ತಂತಿಯ ಬುಟ್ಟಿ ಹಾಕಿ.

ಶೆಫೀಲ್ಡ್‌ಅಮ್ಮ · ನವೆಂಬರ್ 18

ಗುರುವಾರ ಹೋಗಿ ಬಂದೆವು. ತೂಕ 74 ಗ್ರಾಂ. ಎಕ್ಸ್‌ರೇಯಲ್ಲಿ ಮೂಳೆ ತೆಳುವಾಗಿ ಕಾಣುತ್ತದೆ, ಆದರೆ ಶುರುವಿನ ಹಂತ ಅಂದರು. ಬಾಯಿಗೆ ಹಾಕಲು ಕ್ಯಾಲ್ಸಿಯಂ ದ್ರವ ಕೊಟ್ಟಿದ್ದಾರೆ, ಕಣ್ಣಿಗೆ ತೊಳೆಯಲು ನೀರು. ಲೈಟಿನ ವ್ಯವಸ್ಥೆ ಪೂರ್ತಿ ಬದಲಿಸಿ, ಇಲ್ಲದಿದ್ದರೆ ಔಷಧಿ ಕೊಟ್ಟು ಪ್ರಯೋಜನ ಇಲ್ಲ ಅಂದರು. ನೀವೆಲ್ಲ ಹೇಳಿದ್ದನ್ನೇ ಅವರೂ ಹೇಳಿದರು.

ಗಾಜಿನ ತೊಟ್ಟಿ ತೆಗೆದು, 120 × 60 ಸೆಂಟಿಮೀಟರ್ ಮರದ ಮೇಜು ತರಿಸಿದ್ದೇವೆ. ಈಗ ದಯವಿಟ್ಟು ಏನೇನು ಕೊಳ್ಳಬೇಕು ಅಂತ ಹೇಳಿಬಿಡಿ. ದುಡ್ಡಿನ ಲೆಕ್ಕ ಇದೆ, ಆದರೆ ಇನ್ನೊಂದು ಸಲ ತಪ್ಪು ವಸ್ತು ಕೊಳ್ಳಲು ಇಷ್ಟ ಇಲ್ಲ.

ಹಳೇ_ಆಮೆಗಾರ · ನವೆಂಬರ್ 18

ಶುರುವಿನಲ್ಲೇ ಸಿಕ್ಕಿತು, ದೊಡ್ಡ ಸಮಾಧಾನ.

ಯುವಿಬಿಗೆ: ಟಿ5 ಎಚ್‌ಒ (ಹೈ ಔಟ್‌ಪುಟ್) ಟ್ಯೂಬ್, 24 ವಾಟ್, 55 ಸೆಂಟಿಮೀಟರ್ ಉದ್ದದ್ದು. ನಿಮ್ಮ ಮೇಜಿನ ಅರ್ಧ ಉದ್ದಕ್ಕೆ ಬರುತ್ತದೆ. ಅಷ್ಟೇ ಬೇಕು. ಉಳಿದ ಅರ್ಧ ನೆರಳು. ಆಮೆ ತನಗೆ ಎಷ್ಟು ಬೇಕೋ ಅಷ್ಟು ತಾನೇ ತೆಗೆದುಕೊಳ್ಳಲಿ. ಆರ್ಕೇಡಿಯಾ ಕಂಪನಿಯ 12 ಪರ್ಸೆಂಟ್ ಅಥವಾ ಝೂಮೆಡ್‌ನ 10.0, ಎರಡರಲ್ಲಿ ಯಾವುದು ಸಿಕ್ಕರೂ ಸರಿ. ಹಿಂದೆ ಹೊಳೆಯುವ ರಿಫ್ಲೆಕ್ಟರ್ ಇರಲೇಬೇಕು, ಇಲ್ಲದಿದ್ದರೆ ಅರ್ಧ ಬೆಳಕು ಚಾವಣಿಗೆ ಹೋಗುತ್ತದೆ. ಮಧ್ಯೆ ಗಾಜು, ಪ್ಲಾಸ್ಟಿಕ್ ಏನೂ ಬೇಡ. ಜಾಲರಿ ಇದ್ದರೂ ಮೂರರಲ್ಲಿ ಒಂದು ಪಾಲು ಹೋಗುತ್ತದೆ.

ಎತ್ತರ: ಗುಂಡಣ್ಣನ ಬೆನ್ನಿಂದ ಟ್ಯೂಬಿಗೆ ಸುಮಾರು 40 ಸೆಂಟಿಮೀಟರ್‌ನಿಂದ ಶುರು ಮಾಡಿ. ಡಬ್ಬದ ಜೊತೆ ಬರುವ ಚಾರ್ಟ್ ನೋಡಿ. ಮೇಜಿನ ಅಂಚಿನಿಂದ ಅಳೆಯಬೇಡಿ, ನೆಲದಿಂದಲೂ ಬೇಡ. ಬೆನ್ನಿಂದ. ಈ ಒಂದು ತಪ್ಪು ಎಲ್ಲರೂ ಮಾಡುತ್ತಾರೆ.

ಎಷ್ಟು ಯುವಿ ಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ. ಗ್ಯಾರಿ ಫರ್ಗುಸನ್ ಅನ್ನುವ ಜೀವವಿಜ್ಞಾನಿ ಮತ್ತು ಜೊತೆಯವರು ಕಾಡಿನಲ್ಲಿ ಹಲ್ಲಿ, ಹಾವುಗಳ ಪಕ್ಕದಲ್ಲೇ ಮೀಟರ್ ಹಿಡಿದು, ಅವು ತಾವಾಗಿ ಎಷ್ಟು ಬಿಸಿಲಿಗೆ ಮೈಯೊಡ್ಡುತ್ತವೆ ಅಂತ ಅಳೆದರು. 2010ರಲ್ಲಿ ಅದು ಪ್ರಕಟವಾಯಿತು. ಅದರಿಂದ, ಯಾವ ಪ್ರಾಣಿ ಎಷ್ಟು ಬಿಸಿಲಿಗೆ ಮೈಯೊಡ್ಡುತ್ತದೆ ಅನ್ನುವುದರ ಮೇಲೆ ನಾಲ್ಕು ವಲಯ ಮಾಡಿದರು. ಹರ್ಮನ್ ಆಮೆಯನ್ನು ಮೂರನೇ ವಲಯಕ್ಕೆ ಸೇರಿಸುತ್ತಾರೆ. ಬಿಸಿಲು ಕಾಯಿಸುವ ಜಾಗದಲ್ಲಿ ಯುವಿ ಇಂಡೆಕ್ಸ್ (ಯುವಿ ಎಷ್ಟು ಜೋರಾಗಿದೆ ಅಂತ ಹೇಳುವ ಅಂಕಿ) 3ರಿಂದ 4 ಇದ್ದರೆ ಚೆನ್ನ, ನೆರಳಿನ ಕಡೆ ಸೊನ್ನೆ.

ಶಾಖಕ್ಕೆ: 75 ವಾಟ್‌ನ ಹ್ಯಾಲೊಜೆನ್ ಫ್ಲಡ್. ಒಂದೇ ಕಡೆ ಬೀಳುವ ಸ್ಪಾಟ್ ಅಲ್ಲ, ಅಗಲಕ್ಕೆ ಹರಡುವ ಫ್ಲಡ್. ಸ್ಪಾಟ್ ಆದರೆ ಬೆನ್ನ ನೆತ್ತಿ ಸುಡುತ್ತದೆ, ಕಾಲು ತಣ್ಣಗಿರುತ್ತದೆ. ಹ್ಯಾಲೊಜೆನ್ ಶಾಖ ಬಿಸಿಲಿನ ಹಾಗೆ ಮೈಯೊಳಗೆ ಇಳಿಯುತ್ತದೆ. ಸೆರಾಮಿಕ್ ಹೀಟರಿನದು ಬರೀ ಮೇಲುಮೇಲಿನ ಶಾಖ, ಅದು ರಾತ್ರಿ ಕೋಣೆ ತುಂಬಾ ತಣ್ಣಗಾಗುವ ಮನೆಗೆ ಮಾತ್ರ. ನಿಮ್ಮ ಮನೆ ರಾತ್ರಿ 16, 17 ಇದ್ದರೆ ಅದೂ ಬೇಡ. ಹ್ಯಾಲೊಜೆನ್‌ಗೆ ಡಿಮ್ಮಿಂಗ್ ಥರ್ಮೋಸ್ಟಾಟ್ ಹಾಕಿ. ಆನ್-ಆಫ್ ಥರ್ಮೋಸ್ಟಾಟ್ ಹಾಕಿದರೆ ದೀಪ ದಿನವಿಡೀ ಹತ್ತಿ ಆರಿ ಹತ್ತಿ ಆರಿ, ಬಲ್ಬೂ ಹಾಳು, ಆಮೆಗೂ ಹಿಂಸೆ.

ಬಲ್ಬಿನ ಕೆಳಗೆ ಒಂದು ಚಪ್ಪಟೆ ಕಲ್ಲು ಇಡಿ. ಇಲ್ಲಿ ಸಿಗುವ ಸ್ಲೇಟ್ ಕಲ್ಲು ನಮ್ಮ ಕಡಪ ಕಲ್ಲಿನ ಹಾಗೇ ಇರುತ್ತದೆ. ಬೆನ್ನಿನ ಮೇಲೆ 33ರಿಂದ 35 ಡಿಗ್ರಿ. ಆ ಕಡೆ ತುದಿಯಲ್ಲಿ 20ರ ಆಸುಪಾಸು. ಕೆಳಗೆ ತೋಟದ ಮಣ್ಣು, ತೆಂಗಿನ ನಾರಿನ ಪುಡಿ ಬೆರೆಸಿ ಒಂದು ಗೇಣು ಹಾಕಿ. ಮೇಲೆ ಒಣಗಿದ್ದರೂ ಒಳಗೆ ಕೈಯಿಟ್ಟರೆ ತೇವ ಇರಬೇಕು.

ಎರಡೂ ದೀಪ ಬೆಳಗ್ಗೆ 8ರಿಂದ ರಾತ್ರಿ 8, ಟೈಮರ್ ಹಾಕಿಬಿಡಿ. ಕರೆಂಟಿನ ಲೆಕ್ಕ: ಟ್ಯೂಬಿಗೆ ದಿನಕ್ಕೆ 0.3 ಯೂನಿಟ್‌ಗಿಂತ ಕಮ್ಮಿ, ಬಲ್ಬ್ ಪೂರ್ತಿ ಉರಿದರೂ 0.9. ಎರಡೂ ಸೇರಿ 1.2 ಯೂನಿಟ್.

ಬೋಸ್ಟನ್_ಶಂಕರಘಟ್ಟ · ನವೆಂಬರ್ 18

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ವಿಟಮಿನ್ ಡಿ3 ಪುಡಿ ಸಿಗುತ್ತದಲ್ಲ, ಊಟದ ಮೇಲೆ ಉದುರಿಸಿದರೆ ಯುವಿಬಿ ಟ್ಯೂಬಿನ ಖರ್ಚೇ ಬೇಡ ಅಲ್ವಾ?

ಧಾರವಾಡದ_ಪಶುವೈದ್ಯೆ · ನವೆಂಬರ್ 19

ಒಳ್ಳೆಯ ಪ್ರಶ್ನೆ, ಇದನ್ನು ತುಂಬಾ ಜನ ಕೇಳುತ್ತಾರೆ. ಬಾಯಿಯಿಂದ ಹೋದ ಡಿ3ಗೆ ಕಡಿವಾಣ ಇಲ್ಲ. ಜಾಸ್ತಿಯಾದರೆ ಮೈಯಲ್ಲೇ ಉಳಿದು ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು. ಚರ್ಮದಲ್ಲಿ ಹುಟ್ಟುವ ಡಿ3 ಹಾಗಲ್ಲ. ಬಿಸಿಲು ಜಾಸ್ತಿಯಾದಾಗ ಅದೇ ಬೆಳಕು ಹೆಚ್ಚಾದ ಪ್ರೀವಿಟಮಿನ್ನನ್ನು ಕೆಲಸಕ್ಕೆ ಬಾರದ ಬೇರೆ ವಸ್ತುಗಳಾಗಿ ಬದಲಿಸಿಬಿಡುತ್ತದೆ. ಇಂಥ ರಕ್ಷಣೆ ಪುಡಿಯಲ್ಲಿ ಸಿಗುವುದಿಲ್ಲ. ಒಳ್ಳೆಯ ಯುವಿಬಿ ಇರುವ ಆಮೆಗೆ ಡಿ3 ಇಲ್ಲದ ಸಾದಾ ಕ್ಯಾಲ್ಸಿಯಂ ಪುಡಿ ಚಿಟಿಕೆ ಸಾಕು.

ಯಲಹಂಕ_ಹುಡುಗ · ನವೆಂಬರ್ 21

ಸರ್, ನಾನು ಬೆಂಗಳೂರಿನಿಂದ. ನಮ್ಮ ಮನೆಯಲ್ಲಿ ಒಂದು ನಕ್ಷತ್ರ ಆಮೆ ಇದೆ. ಅದೃಷ್ಟ ಬರುತ್ತದೆ ಅಂತ ಪರಿಚಯದವರು ಅಪ್ಪನಿಗೆ ಕೊಟ್ಟದ್ದು. ಫ್ಲ್ಯಾಟಿನ ಒಳಗೇ ಇರುತ್ತದೆ. ಅದರ ಚಿಪ್ಪೂ ಸರಿ ಇಲ್ಲ. ಇಲ್ಲಿ ಯಾವ ಟ್ಯೂಬ್ ಹಾಕಲಿ?

ಧಾರವಾಡದ_ಪಶುವೈದ್ಯೆ · ನವೆಂಬರ್ 21

ತಮ್ಮಾ, ನಿನ್ನ ಕಾಳಜಿ ಅರ್ಥವಾಯಿತು. ಆದರೆ ಆ ಆಮೆಗೆ ಟ್ಯೂಬ್ ಹೇಳಿಕೊಡುವುದು ನನ್ನಿಂದಾಗದು. ನಕ್ಷತ್ರ ಆಮೆ ನಮ್ಮ ಕಾಡಿನ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 2022ರ ತಿದ್ದುಪಡಿಯಲ್ಲಿ ಅದನ್ನು ಒಂದನೇ ಅನುಸೂಚಿಗೆ ಸೇರಿಸಿದ್ದಾರೆ, ಹುಲಿ, ಆನೆ ಇರುವ ಪಟ್ಟಿ ಅದು. 2019ರಿಂದ ಅಂತಾರಾಷ್ಟ್ರೀಯ ವ್ಯಾಪಾರವೂ ನಿಷೇಧ. ಹೀಗೆ ಅದೃಷ್ಟ ಅಂತ ಕೊಟ್ಟು ತೆಗೆದುಕೊಂಡೇ ಸಾವಿರಗಟ್ಟಲೆ ಆಮೆಗಳು ಕಾಡಿನಿಂದ ಹೊರಬೀಳುತ್ತಿವೆ. ಕಳ್ಳಸಾಗಣೆಯಲ್ಲಿ ಸಿಂಗಾಪುರಕ್ಕೆ ಹೋಗಿದ್ದ 51 ಆಮೆಗಳನ್ನು 2018ರಲ್ಲಿ ಮತ್ತೆ ಕರ್ನಾಟಕಕ್ಕೆ ತಂದರು.

ನೀವೇ ಹೋಗಿ ಯಾವುದೋ ಕುರುಚಲು ಕಾಡಲ್ಲಿ ಬಿಟ್ಟು ಬರಬೇಡಿ. ಮೆತ್ತಗಿನ ಚಿಪ್ಪಿನ ಆಮೆ ಅಲ್ಲಿ ಬದುಕುವುದಿಲ್ಲ, ರೋಗ ಇದ್ದರೆ ಬೇರೆಯವಕ್ಕೂ ಹರಡುತ್ತದೆ. ಅಪ್ಪನ ಜೊತೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಒಪ್ಪಿಸಿ. ಅಲ್ಲಿಂದ ಅದಕ್ಕೆ ಚಿಕಿತ್ಸೆ ಸಿಗುವ ದಾರಿ ಇದೆ. ಅಲ್ಲಿಯವರೆಗೆ ಬೆಳಗಿನ ಬಿಸಿಲಿನಲ್ಲಿ, ಅರ್ಧ ನೆರಳು ಇರುವ ಕಡೆ, ಗಾಜಿನ ಹೊರಗೆ ಇಡಿ.

ಯಲಹಂಕ_ಹುಡುಗ · ನವೆಂಬರ್ 21

ಇದು ಗೊತ್ತೇ ಇರಲಿಲ್ಲ ಮೇಡಂ. ಅಪ್ಪನಿಗೆ ಈ ಪುಟ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಸೋಮವಾರ ಹೋಗೋಣ ಅಂದರು.

ಮೈಸೂರು_ನೀರಾಮೆ · ನವೆಂಬರ್ 22

ನನ್ನದು ಕೆಂಪು ಕಿವಿಯ ನೀರಾಮೆ, ತೊಟ್ಟಿಯಲ್ಲಿದೆ. ಬಾಲ್ಕನಿಗೆ ಗಾಜು ಹಾಕಿಸಿದ್ದೇವೆ. ಬಿಸಿಲು ಚೆನ್ನಾಗಿ ಬೀಳುತ್ತದೆ, ನೀರು ಬೆಚ್ಚಗಾಗುತ್ತದೆ. ಹಾಗಾದರೆ ಅದಕ್ಕೂ ಯುವಿಬಿ ಸಿಗುತ್ತಿಲ್ಲವಾ?

ಹಳೇ_ಆಮೆಗಾರ · ನವೆಂಬರ್ 22

ಇಲ್ಲ. ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಸೋಲಾರ್‌ಮೀಟರ್ 6.5 ಅಂತ ಒಂದು ಉಪಕರಣ ಬರುತ್ತದೆ, ಯುವಿ ಇಂಡೆಕ್ಸ್ ಅಳೆಯುವುದು. ಎರಡು ವರ್ಷದ ಹಿಂದೆ ಜನವರಿಯಲ್ಲಿ ಊರಿಗೆ ಹೋದಾಗ ಬ್ಯಾಗಿನಲ್ಲಿ ಹಾಕಿಕೊಂಡಿದ್ದೆ. ಚಿತ್ರದುರ್ಗದ ನಮ್ಮ ಮನೆ ಅಂಗಳ, ಮಧ್ಯಾಹ್ನ ಹನ್ನೆರಡೂವರೆ. ಆಕಾಶಕ್ಕೆ ಹಿಡಿದರೆ 8. ಅಮ್ಮ ಮೆಣಸಿನಕಾಯಿ ಒಣಗಿಸಿದ್ದ ಜಾಗ ಅದು. ಅಲ್ಲಿಂದ ನಾಲ್ಕು ಹೆಜ್ಜೆ ಒಳಗೆ ಬಂದು ಮುಚ್ಚಿದ ಗಾಜಿನ ಕಿಟಕಿಗೆ ಒತ್ತಿ ಹಿಡಿದೆ. ಬಿಸಿಲು ಕಣ್ಣಿಗೆ ಕುಕ್ಕುತ್ತಿದೆ, ಮೀಟರ್‌ನಲ್ಲಿ ಸೊನ್ನೆ. ಕಿಟಕಿ ತೆರೆದೆ, ಮತ್ತೆ ಏರಿತು. ಅಮ್ಮನೂ ಎರಡು ಸಲ ಮುಚ್ಚಿ ತೆರೆದು ನೋಡಿದರು. ವಾಪಸ್ ಬಂದು ರೆಡಿಂಗ್‌ನ ಹಿತ್ತಲಲ್ಲಿ ಅದೇ ಹೊತ್ತಿಗೆ ಅಳೆದರೆ 0.5.

ನಿಮಗೆ ಮೈಸೂರಿನಲ್ಲಿ ಟ್ಯೂಬೇ ಬೇಕು ಅಂತಿಲ್ಲ. ದಿನಾ ಒಂದಷ್ಟು ಹೊತ್ತು ಗಾಜು ಸರಿಸಿ, ನೀರಿನಿಂದ ಹತ್ತಿ ಕೂರಲು ಕಲ್ಲು ಇಡಿ, ಪಕ್ಕದಲ್ಲಿ ನೆರಳು ಇರಲಿ. ಬೇಡ ಅನ್ನಿಸಿದ ದಿನ ಅದನ್ನು ಕೆರೆಗೆ ಮಾತ್ರ ಬಿಡಬೇಡಿ. ಅದು ಅಮೆರಿಕದ ಜಾತಿ, ನಮ್ಮ ಕೆರೆಯ ಆಮೆಗಳ ಜಾಗ ಕಿತ್ತುಕೊಳ್ಳುತ್ತದೆ.

ಫೀನಿಕ್ಸ್_ಬಯಲುಸೀಮೆ · ನವೆಂಬರ್ 22

ನಮ್ಮ ಕಡೆ ಇದಕ್ಕೆ ತದ್ವಿರುದ್ಧ. ಅರಿಜೋನಾದ ವನ್ಯಜೀವಿ ಇಲಾಖೆಯಿಂದ ದತ್ತು ತೆಗೆದುಕೊಂಡ ಮರುಭೂಮಿ ಆಮೆ ಹಿತ್ತಲಲ್ಲಿದೆ. ದೀಪ ಏನೂ ಇಲ್ಲ. ಬೇಸಿಗೆಯಲ್ಲಿ 45 ದಾಟುತ್ತದೆ, ಆಗ ಆಳದ ಬಿಲ ಸೇರಿ ಬೆಳಗ್ಗೆ, ಸಂಜೆ ಮಾತ್ರ ಹೊರಗೆ ಬರುತ್ತದೆ. ಬಿಸಿಲಿಗಿಂತ ನೆರಳು ಮಾಡುವುದೇ ನಮ್ಮ ಕೆಲಸ.

ಶೆಫೀಲ್ಡ್‌ಅಮ್ಮ · ನವೆಂಬರ್ 24

ನಿನ್ನೆ ಎಲ್ಲ ಹಾಕಿದೆವು! ಯಜಮಾನರು ಗೋಡೆಗೆ ಕೊಕ್ಕೆ ಹೊಡೆದರು, ಎರಡೂ ದೀಪ ಸರಪಳಿಯಲ್ಲೇ. ನ್ಯೂಜರ್ಸಿ ಅಣ್ಣನಿಗೆ ವಿಶೇಷ ಧನ್ಯವಾದ, ಆ ಸುಟ್ಟ ತಟ್ಟೆಯಗಲ ನನ್ನ ಕಣ್ಣ ಮುಂದೆಯೇ ಇತ್ತು.

ಮೊದಲು ದೀಪ ಹಾಕಿ ಮೂರು ಗಂಟೆ ಬಿಟ್ಟೆವು, ಗುಂಡಣ್ಣನನ್ನು ಬಿಡಲಿಲ್ಲ. ಅವನ ಎತ್ತರದ ಒಂದು ಬಟ್ಟಲನ್ನು ಕಲ್ಲಿನ ಮೇಲೆ ಬೋರಲು ಹಾಕಿ, ಅದರ ಮೇಲೆ ಇನ್ಫ್ರಾರೆಡ್ ಗನ್ ಹಿಡಿದು ಅಳೆದೆವು. ಮೊದಲ ಸಲ 41! ನಾವು ಸುಮ್ಮನೆ ಬಿಟ್ಟಿದ್ದರೆ ಏನಾಗುತ್ತಿತ್ತೋ. ಎರಡು ಕೊಂಡಿ ಮೇಲಕ್ಕೆ ಎತ್ತಿದೆವು, 37. ಥರ್ಮೋಸ್ಟಾಟ್ ತಿರುಗಿಸಿದ ಮೇಲೆ 34ಕ್ಕೆ ನಿಂತಿತು. ಆ ಕಡೆ ತುದಿ 21.

ಇಲ್ಲಿನ ಆಮೆ ಗುಂಪಿನ ಒಬ್ಬರು ಯುವಿ ಮೀಟರ್ ಎರವಲು ಕೊಟ್ಟರು. ಹೊಸ ಟ್ಯೂಬಿನ ಕೆಳಗೆ ಬಟ್ಟಲಿನ ಎತ್ತರದಲ್ಲಿ 3.3. ಹಳೇ ಸುರುಳಿ ಬಲ್ಬನ್ನೂ ಹಚ್ಚಿ ನೋಡಿದೆ. ಅವನು ಕೂರುತ್ತಿದ್ದ 42 ಸೆಂಟಿಮೀಟರ್‌ನಲ್ಲಿ 0.1. ಕಣ್ಣಿಗೆ ಎಷ್ಟು ಜೋರಾಗಿ ಉರಿಯುತ್ತಿತ್ತು ಆ ಬಲ್ಬ್!

ಸಂಜೆ ನಾಲ್ಕಕ್ಕೆ ಅವನನ್ನು ತಂಪಿನ ಕಡೆ ಬಿಟ್ಟೆವು. ಹತ್ತು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ಕತ್ತು ಉದ್ದ ಮಾಡಿ ಆ ಕಡೆ ನೋಡಿದ. ಮೆಲ್ಲಗೆ ನಡೆದು ಕಲ್ಲು ಹತ್ತಿದ. ಹಿಂದಿನ ಎರಡೂ ಕಾಲು ಹಿಂದಕ್ಕೆ ಚಾಚಿ, ಕತ್ತು ಕಲ್ಲಿಗೆ ಒರಗಿಸಿ ಮಲಗಿದ. ಬೇಸಿಗೆಯಲ್ಲಿ ಹುಲ್ಲಿನ ಮೇಲೆ ಮಲಗುತ್ತಿದ್ದದ್ದು ಹೀಗೆಯೇ. ಮಗ ಮಾತಾಡಲಿಲ್ಲ, ನನ್ನ ಕೈ ಹಿಡಿದುಕೊಂಡ.

ಹಳೇ_ಆಮೆಗಾರ · ನವೆಂಬರ್ 24

ಓದಿ ತುಂಬಾ ಖುಷಿಯಾಯಿತು. ಇವತ್ತೇ ಒಂದು ಕೆಲಸ ಮಾಡಿ. ಟ್ಯೂಬಿನ ತುದಿಯ ಲೋಹದ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆಯಿರಿ. ಕಣ್ಣಿಗೆ ಕಾಣುವ ಬೆಳಕು ಹಾಗೇ ಇದ್ದರೂ ಯುವಿಬಿ ಸದ್ದಿಲ್ಲದೆ ಇಳಿಯುತ್ತಾ ಹೋಗುತ್ತದೆ. ಟಿ5 ಆದರೆ ವರ್ಷಕ್ಕೊಮ್ಮೆ ಬದಲಿಸಿ. ಹಳೇ ದಪ್ಪ ಟ್ಯೂಬ್ (ಟಿ8) ಇಟ್ಟುಕೊಂಡವರು ಆರು ತಿಂಗಳಿಗೆ.

ಯಲಹಂಕ_ಹುಡುಗ · ನವೆಂಬರ್ 27

ಒಪ್ಪಿಸಿ ಬಂದೆವು. ರಟ್ಟಿನ ಪೆಟ್ಟಿಗೆಯಲ್ಲಿ ಟವೆಲ್ ಹಾಸಿಕೊಂಡು ಹೋಗಿದ್ದೆವು. ಬರುವಾಗ ಅಪ್ಪ ಖಾಲಿ ಪೆಟ್ಟಿಗೆ ಹಿಡಿದುಕೊಂಡೇ ಬಂದರು.

ಶೆಫೀಲ್ಡ್‌ಅಮ್ಮ · ಏಪ್ರಿಲ್ 27

ತುಂಬಾ ದಿನದ ಮೇಲೆ ಬರೆಯುತ್ತಿದ್ದೇನೆ. ಗುಂಡಣ್ಣ ಈಗ 103 ಗ್ರಾಂ. ಮಗ ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆಯುತ್ತಾನೆ. ಚಿಪ್ಪು ಎಲ್ಲಿ ಒತ್ತಿದರೂ ಗಟ್ಟಿ. ಹೊಸದಾಗಿ ಬೆಳೆದ ಭಾಗ ಅಂಚಿನಲ್ಲಿ ತಿಳಿ ಬಣ್ಣದ ಗೆರೆಯ ಹಾಗೆ ಕಾಣುತ್ತದೆ, ಸಪಾಟಾಗಿದೆ. ಮಾರ್ಚ್‌ನಲ್ಲಿ ಇನ್ನೊಂದು ಎಕ್ಸ್‌ರೇ ತೆಗೆಸಿದೆವು, ಔಷಧಿ ನಿಲ್ಲಿಸಬಹುದು ಅಂದರು. ನವೆಂಬರ್‌ನಲ್ಲಿ ನೀವು ಯಾರೂ ಉತ್ತರ ಕೊಡದೆ ಇದ್ದಿದ್ದರೆ ಅಂತ ನೆನೆದರೆ ಹೊಟ್ಟೆ ಚುರುಕ್ಕನ್ನುತ್ತದೆ.

ಒಂದು ಹೊಸ ಪ್ರಶ್ನೆ. ಹಿತ್ತಲಲ್ಲಿ ಇಡಲು ಪಾಲಿಕಾರ್ಬೊನೇಟ್ ಹಾಳೆಯ ಚಿಕ್ಕ ಗ್ರೀನ್‌ಹೌಸ್ ಕೊಂಡಿದ್ದೇವೆ. ಒಳಗೆ ಚೆನ್ನಾಗಿ ಬೆಚ್ಚಗಾಗುತ್ತದೆ. ಬೇಸಿಗೆಯಲ್ಲಿ ಅವನು ಅಲ್ಲೇ ಇರಬಹುದಾ?

ಹಳೇ_ಆಮೆಗಾರ · ಏಪ್ರಿಲ್ 27

ಇರಬಹುದು ಅಮ್ಮ, ಶಾಖಕ್ಕೆ ಅದು ಒಳ್ಳೆಯದು. ಆದರೆ ಪಾಲಿಕಾರ್ಬೊನೇಟ್ ಕೂಡ ಗಾಜಿನ ಹಾಗೇ ಯುವಿಬಿ ಬಿಡುವುದಿಲ್ಲ. ಬಿಸಿಲು ಬಂದ ದಿನ ಮುಚ್ಚಳ ಪೂರ್ತಿ ತೆರೆದಿಡಿ. ಒಳಗೆ 30 ದಾಟಿದರೆ ಅವನು ಹೊರಗೆ ಹೋಗುವಂತೆ ಬಾಗಿಲು ಇರಲಿ, ಹೊರಗೆ ನೆರಳಿನ ಗಿಡ ಇರಲಿ. ಮೋಡ ಮುಚ್ಚಿ, ಮಳೆ ಹಿಡಿದು ಮೂರ್ನಾಲ್ಕು ದಿನ ಆದರೆ ಒಳಗೆ ತಂದು ಮೇಜಿನ ಮೇಲೆ ಬಿಡಿ. ಅದಕ್ಕೇ ಟ್ಯೂಬ್ ಕಳಚಿ ಅಟ್ಟಕ್ಕೆ ಹಾಕಬೇಡಿ, ಅಲ್ಲೇ ತೂಗುತ್ತಿರಲಿ.